ಹೊಡೆದುಹಾಕಿದ ಪ್ಯಾರಾ

ಭಾನುವಾರ, ಮಾರ್ಚ್ ೯

ಪುಟ್ಟಿ,

ಹೇಗಿದ್ದೀಯ? ನೆಗಡಿ ಬಿಟ್ಟಿತೇ? ಪ್ರಬಂಧ ಕಟ್ಟುವುದು ಹೇಗೆ ಹೇಳಮ್ಮಾ ಎಂದು ನೀನು ಬರೆದು ಬಹಳ ದಿನವಾಯಿತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕಾಲೇಜಿನಲ್ಲಿ ಪರೀಕ್ಷೆಯ ಗಲಾಟೆ, ಅದರ ಬೆನ್ನಿಗೇ ವಿಚಾರಸಂಕಿರಣ. ಅಲ್ಲಿ ಆದದ್ದನ್ನು ನೀನೇ ನೋಡಿದೆ. ಯಾಕಾಯಿತೆಂದು ನಿನಗೆ ಗೊತ್ತಿಲ್ಲ.

ಮೊದಲು ನಿನ್ನ ಪ್ರಬಂಧದ ಮಾತು. ಸೃಷ್ಟಿಯ ಆದಿಯಿಂದ ಶುರುಮಾಡಬೇಡ. ಏನನ್ನು ಸಾಧಿಸಲು ಹೊರಟಿದ್ದೀಯ ಎಂಬುದನ್ನು ಮೊದಲ ಪುಟದಲ್ಲೇ ಒಂದು ವಾಕ್ಯದಲ್ಲಿ ಹೇಳಿಬಿಡು. ಆ ವಾಕ್ಯ ಬರದಿದ್ದರೆ ನಿನಗಿನ್ನೂ ವಾದ ಸಿಕ್ಕಿಲ್ಲ, ಇನ್ನಷ್ಟು ಓದು. ಒಂದು ಪ್ಯಾರಾಕ್ಕೆ ಒಂದೇ ವಿಷಯ. ಆಧಾರ ಕೊಟ್ಟು ಸುಮ್ಮನಾಗಬೇಡ, ಅದರಿಂದ ಏನು ತಿಳಿಯುತ್ತದೆಂದು ನಿನ್ನ ಮಾತಿನಲ್ಲೇ ಬಿಡಿಸಿ ಹೇಳು. ಆಮೇಲೆ, ನಿನ್ನನ್ನು ಒಪ್ಪದವರು ಎತ್ತಬಹುದಾದ ಅತಿ ಗಟ್ಟಿ ಆಕ್ಷೇಪವನ್ನು ನೀನೇ ಎತ್ತಿ, ನೀನೇ ಉತ್ತರ ಕೊಡು. ಅದಾದ ಮೇಲಷ್ಟೇ ಮುಕ್ತಾಯ.

ಈ ಆಕ್ಷೇಪದ ಪಾಠವನ್ನು ನಿಮ್ಮಪ್ಪ ಕಲಿಯಲೇ ಇಲ್ಲ.

ಅವರಿಗೆ ಹೆಸರು ತಂದ ಪ್ರಬಂಧ ನಿನಗೆ ಗೊತ್ತು. ಹಳೇ ಪೇಟೆಯ ಬೀದಿಗಳನ್ನು ಯಾವ ದೊರೆಯೂ ಹಾಕಿಸಲಿಲ್ಲ, ನೀರಿಗೆ ಹೋಗುವ ಹೆಂಗಸರ ಕಾಲುದಾರಿಗಳೇ ಬೀದಿಗಳಾದವು ಎಂಬ ವಾದ. ಅದನ್ನು ಬರೆದವಳು ನಾನು. ಒಂದು ಕಾಲಿನಿಂದ ನಿನ್ನ ತೊಟ್ಟಿಲು ತೂಗುತ್ತ ಅಡುಗೆಮನೆಯ ಮೇಜಿನ ಮೇಲೆ ಬರೆದೆ. ನಿಮ್ಮಪ್ಪ ಓದಿ, "ಇದು ನನ್ನ ಹೆಸರಲ್ಲಿ ಹೋಗ್ಲಿ, ನೀನೇನು ಕೆಲಸಕ್ಕೆ ಹೋಗ್ಬೇಕಾ?" ಎಂದರು. ನಾನು ಒಪ್ಪಲಿಲ್ಲ. ಆದರೂ ಅವರ ಹೆಸರಿನಲ್ಲೇ ಅಚ್ಚಾಗಿ ಬಂತು. ಕೊನೆಯಲ್ಲಿ, ಬೆರಳಚ್ಚು ಮಾಡಿಕೊಟ್ಟ ಪತ್ನಿಗೆ ಕೃತಜ್ಞತೆ. ನಾನೇ ಆಕ್ಷೇಪ ಎತ್ತಿ ಉತ್ತರ ಕೊಟ್ಟಿದ್ದ ಪ್ಯಾರಾ ಮಾತ್ರ ಇರಲಿಲ್ಲ. ಕೇಳಿದ್ದಕ್ಕೆ, ಅದರಿಂದ ಬರಹ ಸಡಿಲವಾಗುತ್ತದೆ, ಹೊಡೆದುಹಾಕಿದೆ ಎಂದರು. ಇವರನ್ನು ಎಲ್ಲಿ ಹಿಡಿಯಬೇಕೆಂದು ಆವತ್ತೇ ನನಗೆ ತಿಳಿಯಿತು.

ಕಾದೆ. ಅವರು ಬೇರೆ ಮನೆ ಮಾಡಿದಾಗಲೂ, ನಾನು ಮತ್ತೆ ಓದಿ ಪಾಠ ಹೇಳಲು ಸೇರಿದಾಗಲೂ, ನೀನು ಓದಿಗೆಂದು ಅವರ ಮನೆಗೇ ಹೋದಾಗಲೂ ಬಾಯಿಬಿಡಲಿಲ್ಲ. ನನಗೆ ತುಂಬಿದ ಸಭೆ ಬೇಕಿತ್ತು.

ಮೊನ್ನೆ ಸಿಕ್ಕಿತು. ಆ ಪ್ರಬಂಧದ ಮೇಲೆಯೇ ಇಡೀ ದಿನದ ಗೋಷ್ಠಿ. ವೇದಿಕೆಯ ಮೇಲೆ ಅವರು, ಕೆಳಗೆ ಅವರ ಶಿಷ್ಯರ ದಂಡು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಎದ್ದು ನಿಂತೆ. ಪೇಟೆಯ ಬಾವಿಗಳನ್ನೆಲ್ಲ ತೋಡಿದ್ದು ಬೀದಿಗಳಾದ ಮೇಲೆ ಎಂದು ಬಾವಿಕಟ್ಟೆಗಳ ಮೇಲಿನ ಬರಹವೇ ಹೇಳುತ್ತದೆ, ಹಾಗಾದರೆ ಹೆಂಗಸರು ಯಾವ ನೀರಿಗೆ ನಡೆದರು ಎಂದು ಕೇಳಿದೆ. ನಿಮ್ಮಪ್ಪ ಮುಂದಿದ್ದ ಲೋಟದ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು.

"ಅದನ್ನ ನಾನು ಆಗಲೇ ಯೋಚಿಸಿದ್ದೆ."

"ಯಾವ ಪುಟದಲ್ಲಿದೆ, ಸರ್?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಉತ್ತರ ನನ್ನ ಬಳಿ ಇದೆಯೆಂದು ಅವರಿಗೆ ನೆನಪಿತ್ತು, ಏನೆಂಬುದು ಮರೆತುಹೋಗಿತ್ತು. ಬಾವಿಗಳಿಗಿಂತ ಮೊದಲು ಅಲ್ಲೊಂದು ಕೆರೆಯಿತ್ತು ಪುಟ್ಟಿ, ಆಮೇಲೆ ಮುಚ್ಚಿಸಿದರು. ಇಷ್ಟೇ ಉತ್ತರ. ನಾನು ಹೇಳಲಿಲ್ಲ. ಕೂತು ನೀರು ಕುಡಿದೆ. ಅಷ್ಟು ರುಚಿಯಾದ ನೀರನ್ನು ನಾನು ಹಿಂದೆಂದೂ ಕುಡಿದಿರಲಿಲ್ಲ.

ಈಗ ಆ ಪ್ರಬಂಧವನ್ನು ಪಠ್ಯದಿಂದ ತೆಗೆಯುವ ಮಾತು ನಡೆದಿದೆಯಂತೆ. ತೆಗೆಯಲಿ. ನನ್ನದೇ ಬರಹವನ್ನು ನಾನೇ ಕೆಡವಿದೆ, ಆ ಬಗ್ಗೆ ನನಗೆ ದುಃಖವಿಲ್ಲ.

ನಿನ್ನ ಪ್ರಬಂಧ ಗಟ್ಟಿಯಾಗಿ ಬರಲಿ, ನಿನ್ನ ಹೆಸರಿನಲ್ಲೇ ಬರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಸುಖವಾಗಿರು.

ನಿನ್ನ
ಅಮ್ಮ

ಮರೆತ ಮಾತು: ಗೋಷ್ಠಿ ಮುಗಿದ ಮೇಲೆ ನೀನು ಅಪ್ಪನ ಚೀಲ ಹಿಡಿದುಕೊಂಡು ಮೆಟ್ಟಿಲ ಬಳಿ ಎದುರಾದೆ. ಜೊತೆಯಲ್ಲಿದ್ದ ಹುಡುಗಿ ನನ್ನನ್ನು ತೋರಿಸಿ, ಇವರು ಯಾರು ಎಂದು ಕೇಳಿದಳು. ನೀನು, "ಗೊತ್ತಿಲ್ಲ, ಯಾವ್ದೋ ಕಾಲೇಜಿನ ಮೇಡಂ" ಎಂದು ಹೇಳಿ ದಾಟಿಹೋದೆ. ನಿಮ್ಮಪ್ಪ ಮಾಡಿದ್ದಕ್ಕೆ ನಾನು ಸೇಡು ತೀರಿಸಿಕೊಂಡೆ. ಇದನ್ನು ಯಾರ ಮೇಲೆ ತೀರಿಸಿಕೊಳ್ಳಲಿ, ಹೇಳು.