ಒಂದೇ ಚಮಚ ಸಕ್ಕರೆ ನೀರು

ಜೂನ್ 3, ಸೋಮವಾರ

ಮತ್ತೆ ಕೈ ತೊಳೆಯುವ ಪಾಠ. ವಾರ್ಡಿನ ಕೆಲಸ ಕಲಿಯಲು ಬಂದ ನಾಲ್ವರು ಹೆಂಗಸರು, ಒಂದು ಸಿಂಕ್, ನನ್ನ ಗಂಟಲು. ಬಳೆ ತೆಗೆಯಿರಿ ಎಂದರೆ ಮೊಣಕೈವರೆಗೆ ಏರಿಸುತ್ತಾರೆ. ಉಗುರು ಕತ್ತರಿಸಿ ಎಂದರೆ ನಾಳೆ. ಗಿಣಿ ಎಂದು ನಾನು ಕರೆಯುವವಳಂತೂ ಕೈ ತೊಳೆಯುತ್ತಲೇ ಇಡೀ ಬೀದಿಯ ಸುದ್ದಿ ಹೇಳಿ ಮುಗಿಸಿದಳು. ಸೋಪು ಮಾತ್ರ ಹಚ್ಚಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ತಲೆನೋವು ದೊಡ್ಡಮ್ಮ. ಎಲ್ಲರೂ ಹಾಗೇ ಕರೆಯುತ್ತಾರೆ, ಈಗ ನಾನೂ. ಊರಿನ ಅರ್ಧ ಮಕ್ಕಳನ್ನು ಮೀಯಿಸಿದ ಕೈಯಂತೆ. ನಾನು ಬಾಯಿ ತೆರೆಯುವ ಮೊದಲೇ "ಗೊತ್ತಮ್ಮ, ಗೊತ್ತು." ಗೊತ್ತಿದ್ದರೆ ಇಲ್ಲಿಗೇಕೆ ಬಂದೆ, ತಾಯೀ?

ಡಾಕ್ಟರ್ ಬಾಗಿಲಲ್ಲಿ ನಿಂತು ನಕ್ಕರು. "ಸಿಸ್ಟರ್, ಇವರ ಕೈಲಿ ನೆಲ ಒರೆಸಿಸಿದ್ರೆ ಸಾಕು." ಮೈ ಉರಿಯಿತು. ವಾರ್ಡಿನ ತುಂಬ ಕಾಯಿಲೆ ಕೂಸುಗಳು, ನರ್ಸ್‌ಗಳು ಇಬ್ಬರೇ. ಇವರು ತಯಾರಾಗದಿದ್ದರೆ ಇನ್ಯಾರು — ಡಾಕ್ಟರ ಅತ್ತೆಯೇ?

ಜೂನ್ 5, ಬುಧವಾರ

ನಳಿಕೆಯಿಂದ ಹಾಲು ಕೊಡುವ ಪಾಠ, ಗೊಂಬೆಯ ಮೇಲೆ. ನುಂಗಲು ಬಾರದ ಕೂಸಿನ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಗಂಟಲು ಹರಿಯುವಂತೆ ಹೇಳಿದೆ.

"ಒಂದು ಹನೀನೂ?" ದೊಡ್ಡಮ್ಮ.

"ಒಂದು ಹನೀನೂ."

"ನಾವೆಲ್ಲ ಸಕ್ಕರೆ ನೀರು ಕುಡಿದೇ ಬೆಳೆದಿದ್ದು."

ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ಆದರೂ... ಕಿಟಕಿ ಪಕ್ಕದ ಕೂಸಿನ ತಾಯಿಯ ಹೆದರಿಕೆ ಬಿಡಿಸಿದ್ದು ಅವಳೇ. ದಿನ ತುಂಬದೆ ಹುಟ್ಟಿದ ಕೂಸು, ಹಾಲು ನಳಿಕೆಯಲ್ಲೇ. ತಾಯಿಯೂ ಇನ್ನೂ ಹುಡುಗಿ, ಮುಟ್ಟಲೂ ಹಿಂಜರಿಯುತ್ತಿದ್ದಳು. ದೊಡ್ಡಮ್ಮ ಪಕ್ಕದಲ್ಲಿ ಕೂತು, ಬೆಚ್ಚಗಿರಲೆಂದು ಕೂಸನ್ನು ಅವಳ ಎದೆಗೆ ಕಟ್ಟಿಸಿದಳು. ಹೊರಗೆ ಹುಡುಗಿಯ ಅತ್ತೆ ಬಂದವರಿಗೆಲ್ಲ ಹೇಳುತ್ತಿರುತ್ತಾಳೆ: "ಒಂಬತ್ತು ತಿಂಗಳು ಹೊರೋಕೂ ಬರ್ಲಿಲ್ಲ ಇವಳಿಗೆ."

ಜೂನ್ 7, ಶುಕ್ರವಾರ, ರಾತ್ರಿ

ಮಧ್ಯಾಹ್ನ ಗಿಣಿ ಕಿರುಚಿದಳು. ಕಿಟಕಿ ಪಕ್ಕದ ಕೂಸು ನೀಲಿಗಟ್ಟಿತ್ತು. ಸಕ್ಷನ್ ಹಾಕಿ ಗಂಟಲಲ್ಲಿದ್ದುದನ್ನು ಹೀರಿ ತೆಗೆದೆವು, ಮಾಸ್ಕ್ ಇಟ್ಟು ಗಾಳಿ ಒತ್ತಿದೆವು. ಕೊನೆಗೂ ಉಸಿರು ಬಂತು. ತುಟಿ ಅಂಟಂಟು. ಸ್ಟೂಲ್ ಮೇಲೆ ಲೋಟ, ಚಮಚ. ಸಕ್ಕರೆ ನೀರು!

"ಯಾರು ಕೊಟ್ಟಿದ್ದು?"

ತಾಯಿ ಗೋಡೆಗೆ ಒರಗಿ ನಿಂತಿದ್ದಳು. ದೊಡ್ಡಮ್ಮ ಲೋಟ ಎತ್ತಿಕೊಂಡಳು. "ನಾನೇ. ಒಂದೇ ಚಮಚ."

ಏನೇನು ಬೈದೆನೋ. ನಾಳೆಯಿಂದ ಬರಬೇಡಿ ಎಂದೆ. ಏಪ್ರನ್ ಮಡಚಿಟ್ಟು ಹೋದಳು. ಡಾಕ್ಟರ್ ಬಾಗಿಲಲ್ಲಿ ನಿಂತು ನೋಡಿದರು, ಗೆದ್ದವರಂತೆ.

ಮನೆಯಲ್ಲಿ ನಮ್ಮ ಯಜಮಾನರು, "ಬೈಗುಳಾನೂ ಕ್ಲಾಸಲ್ಲೇ ಕಲಿಸ್ತೀಯಾ?" ಎಂದರು. ಊಟ ಬಿಟ್ಟು ಎದ್ದೆ.

ಜೂನ್ 12, ಬುಧವಾರ

ಕೂಸಿಗೆ ನ್ಯುಮೋನಿಯಾ. ಆಕ್ಸಿಜನ್ ಮೇಲಿದೆ. ಬರೆಯಲೂ ಮನಸ್ಸಿರಲಿಲ್ಲ ಇಷ್ಟು ದಿನ.

ಗಿಣಿ ಮಾತು ಬಿಟ್ಟಿದ್ದಾಳೆ. ಇಂದು ಸಿಂಕ್ ಬಳಿ ತಡೆದು ಕೇಳಿದೆ, "ಏನಾಗಿದೆ ನಿಂಗೆ?"

"ಅದು ದೊಡ್ಡಮ್ಮ ಕೊಟ್ಟಿದ್ದಲ್ಲ ಸಿಸ್ಟರ್. ಆಗ ಅವರು ನನ್ ಜೊತೆ ಬಟ್ಟೆ ಮಡಚ್ತಿದ್ರು."

ತಾಯಿಯನ್ನು ಕೇಳಿದ್ದೇ ತಡ, ಅಳು. ಅತ್ತೆ "ಮಗೂನ ಹಸಿವಿಂದ ಸಾಯಿಸ್ತೀಯಾ" ಎಂದಿದ್ದಳಂತೆ. ಹೆದರಿ ತಾನೇ ಬೆಳಿಗ್ಗೆಯೂ ಕೊಟ್ಟಿದ್ದಳಂತೆ, ಮಧ್ಯಾಹ್ನವೂ.

ಇಷ್ಟು ದಿನ ಕಳೆದ ಮೇಲೆ ಹೇಳಿದಳು ಗಿಣಿ! ಬಾಯಿಬಡುಕಿಗೆ ಬಾಯಿ ಬೇಕಾದಾಗಲೇ ಬೀಗ.

ಜೂನ್ 13, ಗುರುವಾರ

ಡ್ಯೂಟಿ ಮುಗಿಸಿ ದೊಡ್ಡಮ್ಮನ ಮನೆಗೆ ಹೋದೆ. ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ನಿಂತಲ್ಲೇ ಜಗಳ.

"ಸುಳ್ಳು ಯಾಕೆ ಹೇಳಿದ್ರಿ?"

"ನಿಜ ಹೇಳಿದ್ರೆ ಅವಳತ್ತೆ ಬಿಡ್ತಿದ್ಲಾ? ಕೂಸು ಹೋಗಿದ್ರೆ ಜನ್ಮವಿಡೀ 'ಮಗೂನ ತಿಂದೋಳು' ಅಂತಿದ್ರು. ನಂಗೇನು, ಬೈಸ್ಕೊಂಡು ಮನೆಗೆ ಬಂದೆ."

"ಎಷ್ಟು ಸಲ ಕೊಟ್ಲು ಅಂತ ನಂಗೆ ಗೊತ್ತಾಗ್ಬೇಕಿತ್ತು! ಒಂದೇ ಚಮಚ ಅಂದ್ರಿ, ನಂಬಿದೆ. ಎಕ್ಸ್‌ರೇನೂ ತಡವಾಯ್ತು. ಬೆಳಿಗ್ಗೇನೂ ಕೊಟ್ಟಿದ್ಲು ಅವಳು."

ಹಿಂಡುತ್ತಿದ್ದ ಕೈ ನಿಂತಿತು. "ಆ ಗಲಾಟೇಲಿ ನಂಗೂ ಒಂದೇ ಚಮಚ ಅಂದಿದ್ಲು..." ಕಲ್ಲಿನ ಮೇಲೆ ಕುಸಿದು ಕೂತಳು. "ಕೂಸು ಹೇಗಿದೆ?"

ಬೈಯಲೆಂದೇ ಬಂದಿದ್ದೆ. ಇನ್ನೂ ಎಷ್ಟೋ ಉಳಿದಿತ್ತು. ಆದರೆ ನಾನೂ ಒಂದು ಮಾತು ವಿಚಾರಿಸದೆ ಓಡಿಸಿದವಳು.

"ಬೆಳಿಗ್ಗೆ ಬನ್ನಿ, ನೀವೇ ನೋಡಿ."

"ಡಾಕ್ಟ್ರು?"

"ಅವರನ್ನ ನಾನು ನೋಡ್ಕೋತೀನಿ."

ಜೂನ್ 14, ಶುಕ್ರವಾರ

ಡಾಕ್ಟರನ್ನು ನೋಡಿಕೊಂಡೆ. "ಏನಾದ್ರೂ ಆದ್ರೆ ನೀವೇ ಹೊಣೆ" ಎಂದರು. ಆಗಲಿ ಎಂದೆ.

ದೊಡ್ಡಮ್ಮ ಬಂದವಳೇ ಮಾಡಿದ್ದೇನು? ಹೊರಗಿದ್ದ ಅತ್ತೆಯ ಕೈ ತೊಳೆಸಿ, ನನ್ನನ್ನು ಕೇಳದೆ, ಸೀದಾ ಒಳಗೆ ಕರೆತಂದಳು. "ಅಜ್ಜಿ ಅಲ್ವಾ ನೀವು? ಹಸಿದಿದೆಯಾ ಅಂತ ಕಣ್ಣಾರೆ ನೋಡಿ." ನಳಿಕೆಯಲ್ಲಿ ಹಾಲು ಇಳಿಯುವುದನ್ನು ತೋರಿಸಿದಳು. ಆ ಹೆಂಗಸು ಹಾಲು ಪೂರ್ತಿ ಇಳಿಯುವವರೆಗೂ ನೋಡಿದಳು. ಹೋಗುವಾಗ ಸೊಸೆಯ ಹೊದಿಕೆ ಸರಿಮಾಡಿದಳು.

ನಿಯಮ ಮುರಿದದ್ದಕ್ಕೆ ದೊಡ್ಡಮ್ಮನಿಗೆ ಬೈದೆ. "ಗೊತ್ತಮ್ಮ, ಗೊತ್ತು." ಅಯ್ಯೋ!

ಜೂನ್ 20, ಗುರುವಾರ, ಮಧ್ಯಾಹ್ನ

ಆಕ್ಸಿಜನ್ ತೆಗೆದು ಎರಡು ದಿನ. ಕೂಸಿನ ಮೈಬಣ್ಣ ಮರಳಿದೆ. ನುಂಗಲೂ ಬರುತ್ತಿದೆ, ಇಂದು ಮೊದಲ ಸಲ ಎದೆಹಾಲಿಗೆ ಹಿಡಿಯಬಹುದು ಎಂದರು ಡಾಕ್ಟರ್. ದೊಡ್ಡಮ್ಮ ತಾಯಿಯ ಬೆನ್ನಿಗೆ ದಿಂಬು ಕೊಡುತ್ತಿದ್ದಾಳೆ. ನಾನು ಊಟಕ್ಕೆ ಕೂತು ಇದನ್ನು ಬರೆಯುತ್ತಿದ್ದೇನೆ. ಹೊಸ ಬ್ಯಾಚಿಗೆ ಇನ್ನೂ ಆರು ಮಂದಿ ಹೆಂಗಸರಂತೆ. ದೇವರೇ, ನನ್ನ ಗಂಟಲು...

ಒಳಗಿನಿಂದ ಗಲಾಟೆ. ದೊಡ್ಡಮ್ಮನದೇ ದನಿ — "ಸಿಸ್ಟರ್, ಬೇಗ ಬನ್ನಿ! ಬಾಯಿ ಹಾಕ್ತು! ಚೀಪ್ತಿದೆ!"

ವಾರ್ಡಿನಲ್ಲಿ ಕೂಗಬಾರದು ಎಂದು ಈ ಹೆಂಗಸಿಗೆ ಎಷ್ಟು ಸಲ ಹೇಳಿ— ಬಂದೆ, ಬಂದೆ!