ಲಿಯೋನ ಇಂಜಿನ್

ಅಕ್ಟೋಬರ್ 3, ಗುರುವಾರ. ಸಂಜೆ 7

ಸೈಟಿನಿಂದ ಬಂದವನು ಸ್ನಾನ ಕೂಡ ಮಾಡಲಿಲ್ಲ. ನೇರ ಮನೆ ಹಿಂದಿನ ಶೀಟಿನಡಿಗೆ. ಲಿಯೋನ ಟು ಸ್ಟ್ರೋಕ್ ಬೈಕಿನ ಇಂಜಿನ್ ಬಿಚ್ಚಿ ಮೂರು ದಿನ ಆಯಿತು. ಇವತ್ತು ಕಾರ್ಬನ್ ಕೆರೆದೆ. ಹೊಸ ರಿಂಗನ್ನು ಸಿಲಿಂಡರಿನೊಳಗೆ ಇಟ್ಟು ಗ್ಯಾಪ್ ನೋಡಿದೆ. ಸರಿ ಇದೆ. ಸೆಕೆ ಇಳಿದಿಲ್ಲ. ಬೆವರು ಒಳಗೆ ತೊಟ್ಟಿಕ್ಕದಂತೆ ತಲೆಗೆ ಟವೆಲ್ ಕಟ್ಟಿಕೊಂಡು ಕೆಲಸ.

ಶಮೀಮ ಬಾಗಿಲಲ್ಲಿ ನಿಂತು, "ಹಗಲಿಡೀ ಎಸಿ ರಿಪೇರಿ ಮಾಡಿದ್ದು ಸಾಕಾಗ್ಲಿಲ್ವಾ ನಿಮಗೆ?" ಎಂದಳು.

ಸಾಕಾಗಿದೆ. ಆದರೆ ಲಿಯೋಗೆ ಇಲ್ಲ ಅನ್ನುವುದು ಹೇಗೆ? ಹದಿನಾಲ್ಕು ವರ್ಷದ ಕೆಳಗೆ ಇಲ್ಲೇ ಗಲ್ಫಿನಲ್ಲಿ, ಮುಸಫ್ಫಾದ ಲೇಬರ್ ಕ್ಯಾಂಪಿನಲ್ಲಿ ನನ್ನ ಮೇಲಿನ ಮಂಚದವನು. ಈಗ ಟವರ್ ಕ್ರೇನ್ ಆಪರೇಟರ್. ವಾರವಿಡೀ ಆಕಾಶದಲ್ಲಿ ಒಬ್ಬನೇ ಕೂರುತ್ತಾನೆ, ಭಾನುವಾರ ಬೈಕ್ ಓಡಿಸಲು ಮರಳಿಗೆ ಇಳಿಯುತ್ತಾನೆ.

ಅಕ್ಟೋಬರ್ 4, ಶುಕ್ರವಾರ. ಸಂಜೆ 5

ಜುಮಾ ನಮಾಜ್ ಮುಗಿಸಿ ಕೂತೆ. ಪಿಸ್ಟನ್ನಿನ ಪಿನ್ ಹೊರಗೆ ಜಾರದಂತೆ ಎರಡೂ ಬದಿಗೆ ಒಂದೊಂದು ತಂತಿಯ ಲಾಕ್ ಹಾಕಬೇಕು. ಎರಡನೆಯದು ಇಕ್ಕಳದಿಂದ ಚಿಮ್ಮಿ ಹೋಯಿತು. ಇಂಜಿನ್ ಬಾಯಿಗೆ ಬಟ್ಟೆ ತುರುಕಿದ್ದೆ, ಒಳಗೆ ಬಿದ್ದಿಲ್ಲ. ವಾಷಿಂಗ್ ಮಶೀನ್ ಸರಿಸಿದೆ, ನೆಲ ಗುಡಿಸಿದೆ. ಇಲ್ಲ.

ಬಿಚ್ಚಿ ತೆಗೆದ ಹಳೆಯ ಲಾಕ್ ಬಟ್ಟಲಲ್ಲಿತ್ತು. ಒಮ್ಮೆ ತೆಗೆದದ್ದರ ಬಿಗಿ ಹೋಗಿರುತ್ತದೆ, ಮತ್ತೆ ಹಾಕಬಾರದು — ಹೊಸಬರಿಗೆಲ್ಲ ನಾನೇ ಹೇಳುವ ಮಾತು. ಪಾರ್ಟ್ಸ್ ಅಂಗಡಿ ದುಬೈಯಲ್ಲಿ. ಹೋಗಿ ಬರಲು ಶುಕ್ರವಾರದ ಟ್ರಾಫಿಕ್ಕಿನಲ್ಲಿ ನಾಲ್ಕು ಗಂಟೆ. ಆಗುವುದಿಲ್ಲ ಅನ್ನಿಸಿತು. ಹಳೆಯದನ್ನೇ ಹಾಕಿದೆ. ಗಟ್ಟಿಯಾಗಿ ಕೂತಿತು.

ಎರಡನೇ ಕಿಕ್ಕಿಗೆ ಸ್ಟಾರ್ಟ್. ನೋಡಲು ಬಂದಿದ್ದ ಲಿಯೋ ಸದ್ದು ಕೇಳಿ ನಕ್ಕ. ಅವನಿಗೆ ಹೇಳಲಿಲ್ಲ.

ಅಕ್ಟೋಬರ್ 6, ಭಾನುವಾರ. ಬೆಳಿಗ್ಗೆ 11

ಆಸ್ಪತ್ರೆಯ ಕಾರಿಡಾರ್. ಶೂ ತುಂಬ ಮರಳು.

ನಾನು ಪಿಕಪ್ಪಿನ ಹತ್ತಿರ ನಿಂತಿದ್ದೆ. ಲಿಯೋ ಎರಡು ದಿಬ್ಬಗಳ ನಡುವಿನ ಗಟ್ಟಿ ನೆಲದಲ್ಲಿ ಜೋರಾಗಿ ಬರುತ್ತಿದ್ದ. ಸದ್ದು ಪಟ್ಟನೆ ನಿಂತಿತು. ಹಿಂದಿನ ಚಕ್ರ ಕಚ್ಚಿಕೊಂಡಿತು. ಅವನು ಒಂದು ಕಡೆ, ಬೈಕ್ ಒಂದು ಕಡೆ. ಎಡಗಾಲು ಕಾಲಿನ ಹಾಗೆ ಇರಲಿಲ್ಲ.

ಆಪರೇಷನ್ ನಡೆಯುತ್ತಿದೆ. ಅವನ ಹೆಂಡತಿ ಜೆಸಿಂತಾ ಪಕ್ಕದಲ್ಲಿ ಜಪಮಣಿ ಎಣಿಸುತ್ತಿದ್ದಾಳೆ. "ನೀವು ಇದ್ದದ್ದು ಒಳ್ಳೇದಾಯ್ತು ಝಹೀರಣ್ಣ" ಎಂದಳು.

ಅಕ್ಟೋಬರ್ 8, ಮಂಗಳವಾರ

ಲಿಯೋ ಮಾತಾಡಿದ. ತೊಡೆಯ ಮೂಳೆಗೆ ರಾಡ್, ಮಂಡಿಗೆ ಸ್ಕ್ರೂ.

"ಎಣ್ಣೆ ಕಮ್ಮಿ ಹಾಕಿದೆ ಕಾಣ್ತದೆ ಮಾರಾಯ. ಬೆಳಿಗ್ಗೆ ಅರ್ಜೆಂಟಲ್ಲಿ ಮಿಕ್ಸ್ ಮಾಡಿದ್ದು. ನನ್ನದೇ ತಪ್ಪು."

ಟು ಸ್ಟ್ರೋಕಿನಲ್ಲಿ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಕಡಿಮೆಯಾದರೆ ಇಂಜಿನ್ ಸೀಜ್, ಒಳಗೇ ಕಚ್ಚಿಕೊಂಡು ನಿಲ್ಲುತ್ತದೆ. ಹೌದು, ಹಾಗೂ ಆಗುತ್ತದೆ.

"ಆಗಿರಬಹುದು" ಅಂದೆ.

ಅಕ್ಟೋಬರ್ 13, ಭಾನುವಾರ

ಒಂದು ವಾರ ಬೈಕಿನ ಮೇಲೆ ಟಾರ್ಪಾಲ್ ಹೊದಿಸಿಟ್ಟಿದ್ದೆ. ಇವತ್ತು ಇಂಜಿನ್ ಬಿಚ್ಚಿದೆ.

ಎಣ್ಣೆ ಕಡಿಮೆಯಾಗಿದ್ದರೆ ಪಿಸ್ಟನ್ನಿನ ಸುತ್ತಲೂ ಗೀರು ಬೀಳಬೇಕಿತ್ತು. ಒಂದೇ ಬದಿ ಬಿದ್ದಿದೆ, ಬೆರಳ ತುದಿ ಇಳಿಯುವಷ್ಟು ಆಳ. ಹಳೆಯ ಲಾಕ್ ಹಾಕಿದ್ದ ಬದಿಯೇ ಅದು, ಲಾಕ್ ಕೂರುವ ಜಾಗ ಖಾಲಿ. ಪಿನ್ ಹೊರಗೆ ಜಾರಿ ಸಿಲಿಂಡರಿನ ಗೋಡೆಯನ್ನು ಕೊರೆದಿದೆ. ಒಳಗೆಲ್ಲ ಎಣ್ಣೆಯ ಜಿಡ್ಡು ಬೇಕಾದಷ್ಟಿದೆ. ಲಿಯೋ ಸರಿಯಾಗಿಯೇ ಬೆರೆಸಿದ್ದ.

ಕೈ ತೊಳೆದೆ. ಮತ್ತೆ ತೊಳೆದೆ. ಶಮೀಮ ಊಟಕ್ಕೆ ಕರೆದಳು. ಉಂಡೆ.

ಅಕ್ಟೋಬರ್ 24, ಗುರುವಾರ

ಬರೆಯಲು ಮನಸ್ಸಿರಲಿಲ್ಲ. ದಿನಾ ಡ್ಯೂಟಿ ಮುಗಿಸಿ ಎಲೆಕ್ಟ್ರಾ ಸ್ಟ್ರೀಟಿನ ಅವನ ಫ್ಲ್ಯಾಟಿಗೆ ಹೋಗುತ್ತೇನೆ. ಹಿಡಿದು ನಡೆಸುತ್ತೇನೆ, ಬಾಥ್‌ರೂಮಿಗೆ ಕರೆದೊಯ್ಯುತ್ತೇನೆ. ಮಂಡಿ ಮೊದಲಿನ ಹಾಗೆ ಮಡಚಲು ಆಗುವುದಿಲ್ಲವಂತೆ. ಕ್ರೇನಿನ ಏಣಿ ಹತ್ತುವುದು ಖಲಾಸ್. ಕಂಪನಿಯವರು ಆಗಲೇ ಬೇರೆ ಆಪರೇಟರನ್ನು ಕೂರಿಸಿದ್ದಾರೆ.

ಜೆಸಿಂತಾ ನನ್ನೆದುರೇ ಅವನಿಗೆ ಬೈಯುತ್ತಾಳೆ. "ಎಣ್ಣೆ ಅಳೆದು ಹಾಕ್ಲಿಕ್ಕೆ ಎಂಥ ಕಷ್ಟ ಇತ್ತು? ಝಹೀರಣ್ಣ ಅಷ್ಟು ಚೆಂದ ಮಾಡಿ ಕೊಟ್ಟಿದ್ರು." ಲಿಯೋ ತಲೆ ತಗ್ಗಿಸಿ ಕೂರುತ್ತಾನೆ.

ಇವತ್ತು ಶಮೀಮಳಿಗೆ ಎಲ್ಲ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು, ನಿಲ್ಲಿಸಲಿಲ್ಲ.

"ನೀವು ಹೇಳದಿದ್ರೆ ಅವರಿಗೆ ಗೊತ್ತಾಗ್ಲಿಕ್ಕೆ ಉಂಟಾ?"

"ಇಲ್ಲ."

"ಹಾಗಾದ್ರೆ ಹೇಳಿ ಬನ್ನಿ. ಇಲ್ಲದಿದ್ರೆ ಇನ್ನು ಆ ಮನೆಗೆ ಹೋಗ್ಬೇಡಿ."

ಅಕ್ಟೋಬರ್ 27, ಭಾನುವಾರ. ಮಧ್ಯಾಹ್ನ

ಹೇಳಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಒಂದೂ ಬರಲಿಲ್ಲ. "ಎಣ್ಣೆ ಅಲ್ಲ ಲಿಯೋ. ನಾನು ಹಳೇ ಲಾಕ್ ಹಾಕಿದ್ದೆ. ಗೊತ್ತಿದ್ದೇ ಹಾಕಿದ್ದು" — ಇಷ್ಟೇ.

ಜೆಸಿಂತಾ ಚಹಾ ಹಿಡಿದು ಬಾಗಿಲಲ್ಲೇ ನಿಂತಳು. "ಇಪ್ಪತ್ತು ದಿನ ನಾನು ಇವರಿಗೆ ಬೈದೆ" ಎಂದಳು. ಲೋಟವನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಲಿಯೋ ಕಾಲನ್ನೇ ನೋಡುತ್ತಿದ್ದ. ಬೈದಿದ್ದರೆ ಆಗಿತ್ತು. "ಚಾ ಕುಡಿದು ಹೋಗು" ಅಂದ.

ಕುಡಿದೆ. ಬಿಸಿಯಿತ್ತು, ಬೇಗ ಮುಗಿಯಲಿಲ್ಲ.

ನವೆಂಬರ್ 3, ಭಾನುವಾರ. ಬೆಳಿಗ್ಗೆ 6.20

ವಾರವಿಡೀ ಅವನ ಫೋನಿಲ್ಲ. ನಾನೂ ಹೋಗಲಿಲ್ಲ. ಈಗ ತಾನೇ ಅವನೇ ಮಾಡಿದ. ನೋವಿಗೆ ಬೆಳಗಾಗುವ ಮೊದಲೇ ಎಚ್ಚರಾಗುತ್ತದಂತೆ.

"ಈ ವರ್ಷ ಬೇರೆ ಯಾರ ಇಂಜಿನ್ ಮಾಡಿದ್ದಿ?"

"ನಾಲ್ಕು ಜನರದ್ದು."

"ಎಲ್ಲದಕ್ಕೂ ಹೊಸ ಲಾಕೇ ಹಾಕಿದ್ದಿಯಾ?"

"ನೆನಪಿಲ್ಲ" ಅಂದೆ.

"ಇವತ್ತು ಆದಿತ್ಯವಾರ" ಎಂದ ಲಿಯೋ. "ನನ್ನ ನಿನ್ನ ವಿಷಯ ಮತ್ತೆ ಮಾತಾಡುವ. ಮೊದಲು ಅವರಿಗೆ ಫೋನ್ ಮಾಡು."

6.50

ಮೂವರು ಸಿಕ್ಕಿದರು, ಮನೆಯಲ್ಲೇ ಇದ್ದಾರೆ. ಅನ್ಸಿಫ್ ಎತ್ತುತ್ತಿಲ್ಲ. ದುಬೈಯ ಕರಾಮದಲ್ಲಿರುವವನು, ಭಾನುವಾರ ಬೆಳಕು ಹರಿಯುವಾಗಲೇ ಮರಳಿಗೆ ಹೋಗುತ್ತಾನೆ. ಈ ಡೈರಿಯಲ್ಲೇ ಆಗಸ್ಟಿನ ಪುಟ ತಿರುಗಿಸಿದೆ. "ಅನ್ಸಿಫ್‌ನ ಇಂಜಿನ್ ಮುಗಿಯಿತು. ಸುಸ್ತು." ಅಷ್ಟೇ ಬರೆದಿದ್ದೇನೆ. ಶಮೀಮ ಅವಳ ಫೋನಿನಿಂದ, ನಾನು ನನ್ನದರಿಂದ, ಲಿಯೋ ಅವನ ಮನೆಯಿಂದ, ಮೂವರೂ ಅವನಿಗೆ ಫೋನ್ ಮಾಡುತ್ತಲೇ ಇದ್ದೇವೆ.

7.10

ಎತ್ತಿದ! ಬೈಕ್ ಇನ್ನೂ ಪಿಕಪ್ಪಿನ ಮೇಲೆಯೇ ಇದೆಯಂತೆ. ಕೆಳಗಿಳಿಸಬೇಡ ಅಂದೆ. "ಎಂಥದಕ್ಕೆ ಝಹೀರಣ್ಣ?" ಕಾರಣ ಹೇಳಿದೆ. ನೇರ ಖಲೀಫಾ ಸಿಟಿಯ ನಮ್ಮ ಮನೆಗೆ ಬಾ, ನಿನ್ನೆದುರೇ ಬಿಚ್ಚಿ ನೋಡುತ್ತೇನೆ ಅಂದೆ.

ಲಿಯೋಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ.

"ಸಿಕ್ಕಿದನಾ?"

"ಸಿಕ್ಕಿದ."

ಇಬ್ಬರೂ ಫೋನ್ ಇಡಲಿಲ್ಲ. ಕೊನೆಗೆ ಅವನೇ ಇಟ್ಟ.

8.40

ಗೇಟಿನ ಹೊರಗೆ ಹಾರ್ನ್. ಅನ್ಸಿಫ್ ಬಂದ. ಬಿಚ್ಚಿದಾಗ ಏನೇ ಸಿಗಲಿ, ಲಿಯೋಗೆ ಇವತ್ತೇ ಹೋಗಿ ಹೇಳುತ್ತೇನೆ.