ಪರದೆ ಹಿಡಿದವಳು

ಚಾಟ್ಸ್‌ವುಡ್,
ಮಂಗಳವಾರ

ಸಂಯುಕ್ತಕ್ಕನಿಗೆ ನಮಸ್ಕಾರ.

ನಿಮ್ಮೂರಿನ ಟ್ರುಗನಿನಾ ಹಾಲ್‌ನ ಹಳೇ ಫೋಟೊ ಪ್ರದರ್ಶನಕ್ಕೆ ನೀನು ಸಿದ್ಧಪಡಿಸಿದ ನಮ್ಮ ಮನೆಯ ೧೯೦೩ರ ಫೋಟೊ ನೋಡಿದೆ. ಮುತ್ತಜ್ಜನ ಪೇಟ, ಮುತ್ತಜ್ಜಿಯ ಸಿಡುಕು ನೋಟ, ಎರಡೂ ಸೊಗಸಾಗಿ ಬಂದಿವೆ. ಎಡದಂಚನ್ನು ಮಾತ್ರ ಕ್ರಾಪ್ ಮಾಡಿದ್ದೀಯ. ಫೋನಿನಲ್ಲಿ ಕೇಳಿದರೆ, "ಯಾರದೋ ಬೆರಳು ಕಣೋ, ನೀಟಾಗಿ ಕಾಣ್ತಿರ್ಲಿಲ್ಲ" ಅಂದೆ.

ಅದು ಮುತ್ತಜ್ಜನ ತಂಗಿ ತುಂಗಮ್ಮನ ಬೆರಳು ಎಂದು ಅಜ್ಜಿ ತೋರಿಸಿದ್ದರು. ಚಿಕ್ಕ ವಯಸ್ಸಿಗೇ ಗಂಡ ಸತ್ತು, ತಲೆ ಬೋಳಿಸಿದ್ದರಂತೆ. ಹಾಗಾಗಿ ಫೋಟೊಗೆ ನಿಲ್ಲುವಂತಿರಲಿಲ್ಲ; ಹಿಂದಿನ ಪರದೆ ಹಿಡಿದುಕೊಂಡು ಮರೆಯಲ್ಲಿ ನಿಲ್ಲಬಹುದಿತ್ತು. ಅವಳ ಬೇರೆ ಫೋಟೊ ಇಲ್ಲ.

ಪೂರ್ತಿ ಫೋಟೊ ಮತ್ತೆ ಕಳಿಸಿದ್ದೇನೆ. ಫ್ರೇಮ್ ಸ್ವಲ್ಪ ದೊಡ್ಡದು ಮಾಡಿಸು. ಕೆಳಗೆ ಹೆಸರುಗಳನ್ನು ಎಡದಿಂದ ಬರೆಯುವುದು ವಾಡಿಕೆ. ಆದ್ದರಿಂದ ಮೊದಲ ಹೆಸರು ತುಂಗಮ್ಮ.

ಇತಿ ನಿನ್ನ ತಮ್ಮ,
ಲಕ್ಷ್ಮೀಶ